ಉಸಿರು ಕಟ್ಟಿದ ಜೀಪು

೧೮ ಆಗಸ್ಟ್ ೧೯೫೮, ಸೋಮವಾರ

ಅಕ್ಕಿರೊಟ್ಟಿ, ಕೊಟ್ಟಿಗೆ, ಒದ್ದೆ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗದಲ್ಲಿ ಹರಡುವುದು — ಎಲ್ಲ ಎಂದಿನಂತೆ. ಹತ್ತು ಗಂಟೆಗೆ ಮಳೆ ಬಿಟ್ಟು ಹೊಳವಾಯಿತು. ಮಳೆ ಹಿಡಿದಾಗಿನಿಂದ ಶೆಡ್ಡಿನಲ್ಲಿ ಮಲಗಿರುವ ಜೀಪನ್ನು ಎಬ್ಬಿಸೋಣ ಎಂದೆ. ಯಜಮಾನರು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವತರು. ಕೆಮ್ಮುತ್ತದೆ, ಸಾಯುತ್ತದೆ. ಕೆಮ್ಮುತ್ತದೆ, ಸಾಯುತ್ತದೆ. ಕೊನೆಗೆ ಹೇಗೋ ಹಿಡಿದುಕೊಂಡಿತು. ನಾನೇ ಓಡಿಸಿದೆ. ಕಾಫಿ ಒಣಗಿಸುವ ಕಣದಲ್ಲಿ ಒಂದು ಸುತ್ತು ಬಂತು, ಗೇಟಿನ ಏರು ಹತ್ತಲಿಲ್ಲ. ಎಕ್ಸಲರೇಟರ್ ಪೂರ್ತಿ ತುಳಿದರೂ ಮುದಿ ಎಮ್ಮೆಯ ಹಾಗೆ ನಿಂತೇಬಿಟ್ಟಿತು. ರೇಡಿಯೇಟರ್ ಕುದಿದು ಬುಸ್ಸೆಂದಿತು.

ಮಾವ ಜಗಲಿಯಲ್ಲೇ ಇದ್ದರು. ಬಿಡುತ್ತಾರೆಯೇ? "ಹೆಣ್ಣಿನ ಕೈಗೆ ಕೊಟ್ಟ ಮೇಲೆ ಯಂತ್ರ ಉಳ್ದದೆನಾ?"

ಶೆಡ್ಡಿಗೆ ಹೋಗುವಾಗ ನೆಟ್ಟಗಿತ್ತು ಮಾವ, ಎನ್ನಲು ನಾಲಿಗೆಯ ತುದಿಗೆ ಬಂತು. ನುಂಗಿದೆ. ಈ ಮನೆಯಲ್ಲಿ ನುಂಗಿ ನುಂಗಿಯೇ ನನ್ನ ಹೊಟ್ಟೆ ತುಂಬಿದೆ.

ಮಡಿಕೇರಿಯಲ್ಲಿ ಲೈಸೆನ್ಸ್ ಪರೀಕ್ಷೆ ಸೆಪ್ಟೆಂಬರ್ ಹದಿನೈದಕ್ಕೆ. ನಮ್ಮ ಜೀಪನ್ನೇ ಒಯ್ಯಬೇಕು. ಈ ಮೂದೇವಿಗೆ ಕೆಡಲಿಕ್ಕೆ ಬೇರೆ ತಿಂಗಳು ಸಿಗಲಿಲ್ಲವೆ?

೨೧ ಆಗಸ್ಟ್

ಸಿದ್ದಾಪುರದಿಂದ ಮೆಕ್ಯಾನಿಕ್ ಕೋಯಾ ಬಂದಿದ್ದ. ಬಾನೆಟ್ ತೆಗೆದ, ಪ್ಲಗ್ ಉಜ್ಜಿದ, ಕಾರ್ಬುರೇಟರ್ ಊದಿದ. ಮತ್ತೆ ಅದೇ ಹಾಡು. "ಅಮ್ಮಾ, ಒಳಗೆ ವಾಲ್ವ್ ಸುಟ್ಟಿರ್ಬೇಕು. ಎಂಜಿನ್ ಪೂರಾ ಬಿಚ್ಚಿ ನೋಡ್ಬೇಕು. ಹೀಗೇ ಓಡ್ಸಿದ್ರೆ ಉಳಿದದ್ದೂ ಸುಡ್ತದೆ."

ಮಾವ ಎಲೆಯಡಿಕೆ ಉಗುಳಿ ಬಂದು ತೀರ್ಪು ಕೊಟ್ಟರು. "ಬಿಚ್ಚುದೂ ಬೇಡ, ಕಟ್ಟುದೂ ಬೇಡ. ಮಾರುದೇ." ಗೋಣಿಕೊಪ್ಪಲಿನ ಕರಿಮೆಣಸಿನ ವ್ಯಾಪಾರಿ ಕೆಂಪಣ್ಣ ಯಾವತ್ತಿನಿಂದಲೋ ಈ ಜೀಪಿನ ಮೇಲೆ ಕಣ್ಣು ಹಾಕಿದ್ದಾನೆ. ಕೈಲು ಮುಹೂರ್ತದ ಆಯುಧಪೂಜೆ ಕಳೆದ ಮೇಲೆ ಬಂದು ನೋಡಲಿ ಎಂದು ಹೇಳಿ ಕಳಿಸಿದರು.

ಹಾಗಾದರೆ ನನ್ನ ಪರೀಕ್ಷೆ? ಯಾರೂ ಕೇಳಲಿಲ್ಲ. ಯಜಮಾನರು ಕುಂಬಳಕಾಯಿಗೆ ಕೈಕಾಲು ಬಂದಂತೆ ಕೂತಿದ್ದರು. ಆಮೇಲೆ ಕೋಣೆಯಲ್ಲಿ, "ಅಪ್ಪ ಹೇಳಿದ ಮೇಲೆ ಎಂತ ಮಾಡುದು ಯಮುನಾ..." ಎಂದರು. ಎಂತ ಮಾಡುವುದೇ? ಕಂಬಳಿ ಹೊದ್ದು ಮಲಗಿ!

೨೨ ಆಗಸ್ಟ್

ಕೋಪ ಇಳಿದಿಲ್ಲ. ಬರೆದರೆ ಇಳಿಯಬಹುದು.

ಡ್ರೈವಿಂಗ್ ಕಲಿತದ್ದು ಷೋಕಿಗೆ ಎಂದು ಊರೆಲ್ಲ ನಗುತ್ತದೆ. ಕಳೆದ ಮಳೆಗಾಲ ಅಮ್ಮನಿಗೆ ಜೋರು ಜ್ವರ ಎಂದು ತವರಿನಿಂದ ಆಳು ಬಂದಿದ್ದ. ಜೀಪು ಅಂಗಳದಲ್ಲೇ ಇತ್ತು. ಮಾವನಿಗೆ ಪಂಚಾಯಿತಿ, ಯಜಮಾನರಿಗೆ ಕಾಫಿಗಿಡಕ್ಕೆ ಮದ್ದು ಹೊಡೆಸುವ ಕೆಲಸ. ಅವರ ಪುರುಸೊತ್ತಿಗೆ ಕಾದು ನಾನು ಹೋಗಿ ಮುಟ್ಟುವಾಗ ಅಮ್ಮನಿಗೆ ಗುರುತು ಸಿಗುತ್ತಿರಲಿಲ್ಲ. ಪುಣ್ಯಕ್ಕೆ ಬದುಕಿದರು. ಆವತ್ತೇ ನಿಶ್ಚಯ ಮಾಡಿದೆ — ಇನ್ನು ಯಾರ ಪುರುಸೊತ್ತಿಗೂ ಕಾಯುವವಳಲ್ಲ.

ಈಗ ಕಾಯಲಿಕ್ಕೆ ಜೀಪೇ ಇರುವುದಿಲ್ಲ.

೨ ಸೆಪ್ಟೆಂಬರ್

ನಾಳೆ ಕೈಲು ಮುಹೂರ್ತ. ಕೋವಿಗಳನ್ನು ಇಳಿಸಿ ತೊಳೆಯುವ ದಿನ. ಅದು ಮಾವನದೇ ಕೆಲಸ, ಬೇರೆಯವರು ಮುಟ್ಟುವಂತಿಲ್ಲ. ಮಳೆ ಹಿಡಿದೊಡನೆ ನಳಿಗೆಯ ಬಾಯಿಗೆ ಎಣ್ಣೆಬಟ್ಟೆ ತುರುಕಿಡುತ್ತಾರೆ — ತೇವ ಇಳಿಯಬಾರದು, ಕಣಜ ಗೂಡು ಕಟ್ಟಬಾರದು. ಇವತ್ತು ಒಂದೊಂದಾಗಿ ಎಳೆದು ತೆಗೆದರು. ಕೆಂಪಂಚಿನ ಹಳೇ ಪಂಚೆಯ ಚೂರುಗಳು. ಜೊತೆಗೆ ವರ್ಷ ವರ್ಷದ ಉಪದೇಶ: "ಬಟ್ಟೆ ತೆಗೆಯದೆ ಗುಂಡು ಹೊಡ್ದರೆ ನಳಿಗೆ ಸೀಳಿ ಮೋರೆಗೇ ಬಂದದೆ. ಅದ್ ಕತ್ತೆಗಳ ಕೆಲ್ಸ!"

ಒಳಗಿಂದ ಅತ್ತೆ: "ಮದುವೆ ಆದಂದಿಂದ ಕೇಳ್ತೊಳೆ ಈ ಕತೆ."

೩ ಸೆಪ್ಟೆಂಬರ್, ಸಂಜೆ

ಕ್ರಮವಾಗಿ ಬರೆಯಬೇಕು.

ಕೋವಿ, ಕತ್ತಿ, ನೊಗ ನೇಗಿಲ ಜೊತೆ ಜೀಪಿಗೂ ಪೂಜೆ. ಮಾರುವ ಜೀಪಾದರೂ ದೇವರ ಲೆಕ್ಕದಲ್ಲಿ ಮನೆಯದೇ. ಅಂಗಳಕ್ಕೆ ತಳ್ಳಿ, ಹೂ ಹಾಕಿ, ಶಾಸ್ತ್ರಕ್ಕೆಂದು ಸ್ಟಾರ್ಟ್ ಮಾಡಿದರು. ನಾನು ಬಾಳೆದಿಂಡಿನ ತುಂಡಿಗೆ ಊದುಬತ್ತಿ ಚುಚ್ಚಿ ಹಿಂದೆ ಇಟ್ಟೆ, ಹೊಗೆಕೊಳವೆಯ ಬಾಯಿಗೆ ಸರಿಯಾಗಿ. ಇಟ್ಟ ಮೇಲೆ, ಅಯ್ಯೋ ಗಾಳಿಗೆ ಹಾರುತ್ತದಲ್ಲ ಎನ್ನಿಸಿತು.

ಹಾರಲಿಲ್ಲ. ಜೀಪು ಗಡಗಡ ನಡುಗುತ್ತಿದೆ. ಊದುಬತ್ತಿಯ ಹೊಗೆ ಮಾತ್ರ ನೆಟ್ಟಗೆ ಮೇಲಕ್ಕೆ! ಕೊಳವೆಗೆ ಅಂಗೈ ಹಿಡಿದೆ. ಉಸಿರೇ ಇಲ್ಲ. ಮುಂದಕ್ಕೆ ಬಗ್ಗಿ ನೋಡಿದರೆ ಎಂಜಿನ್ ಪಕ್ಕದ ಜಾಯಿಂಟಿನಲ್ಲಿ ಸುಂಯ್ ಎಂದು ಬಿಸಿ ಹೊಗೆ. ಅಂದರೆ ಹಿಂದಿನಿಂದ ಹೊರಗೆ ಹೋಗಬೇಕಾದದ್ದು ಒಳಗೇ ಉಳಿದಿದೆ. ಪಾಪ, ಇದೂ ನನ್ನ ಹಾಗೆ ನುಂಗುತ್ತಾ ಇದೆ. ಬಿಸಿಯಾಗದೆ ಇನ್ನೇನು? ಏರು ಹತ್ತುವುದು ಹೇಗೆ?

"ಆಫ್ ಮಾಡಿ! ಎಂಜಿನ್ ಸುಟ್ಟೀತು!" ಎಂದು ಕಿರುಚಿದೆ. ಆಫೇನೋ ಆಯಿತು. ಏಕೆ ಎಂದು ಕೇಳುವವರಿಲ್ಲ. ಒಳಗೆ ಹಂದಿಮಾಂಸ, ಕಡುಬು ಕಾಯುತ್ತಿದ್ದವು. ಉಂಡು, ತೆಂಗಿನಕಾಯಿಗೆ ಗುರಿಯಿಡಲು ಎಲ್ಲರೂ ಗದ್ದೆಗೆ ಹೋದರು.

ನಾನು ಜಗಲಿಯಲ್ಲಿ ಒಬ್ಬಳೇ. ಎದುರಿಗೆ ಗಂಧ ಹಚ್ಚಿಸಿಕೊಂಡು ಸಾಲಾಗಿ ನಿಂತ ಉಳಿದ ಕೋವಿಗಳು. ಬಾಯಿ ತೆರೆದುಕೊಂಡು...

ಛೆ. ಇರಲಿಕ್ಕಿಲ್ಲ.

ಇರಬಹುದೇ? ಅಯ್ಯೋ ದೇವರೇ.

೫ ಸೆಪ್ಟೆಂಬರ್

ಬೆಳಿಗ್ಗೆಯೇ ಜೀಪಿನಡಿಗೆ ನುಗ್ಗಿದೆ. ಯಜಮಾನರು ಸ್ಪ್ಯಾನರ್ ಹಿಡಿದು ಬಂದರು, ಅವರ ಮಟ್ಟಿಗೆ ಅದೇ ದೊಡ್ಡ ಸಾಹಸ. ನಟ್ಟೆಲ್ಲ ತುಕ್ಕು. ಸೈಲೆನ್ಸರು, ಕೊಳವೆ ಕಳಚಿ ಅಂಗಳಕ್ಕೆ ಎಳೆಯುವ ಹೊತ್ತಿಗೆ ಕೆಂಪಣ್ಣ ಹಾಜರು! ಮಾವ ಅವನನ್ನು ಕರೆದುಕೊಂಡು ಅಲ್ಲಿಗೇ ಬಂದರು.

ಬೆಳಕಿಗೆ ಹಿಡಿದರೆ ಕೊಳವೆಯಲ್ಲಿ ಕತ್ತಲೆ. ಒಳಗಿನಿಂದ ಎಳೆಯಲು ಉದ್ದ ಸರಳು ಬೇಕು, ತುದಿಯಲ್ಲಿ ಕೊಕ್ಕೆ ಬೇಕು. ಅಂಥದ್ದು ಮನೆಯಲ್ಲಿ ಒಂದೇ. ಕೇಳಿಯೇ ಬಿಟ್ಟೆ.

"ಕೋವಿ ತೊಳೆವ ಸರಳು ಜೀಪಿಗೆನಾ?" ಮಾವನ ಹುಬ್ಬು ಮೇಲೆ ಹೋಯಿತು. ಕೆಂಪಣ್ಣನ ಎದುರು ಇಲ್ಲ ಎನ್ನಲಾಗಲಿಲ್ಲ. ತಂದು ಕೊಟ್ಟು ನನ್ನ ತಲೆಯ ಹತ್ತಿರವೇ ನಿಂತರು.

ತೂರಿಸಿ, ತಿರುಚಿ, ಎಳೆದೆ. ಬಂತು. ಕರ್ರಗೆ ಸುಟ್ಟ ನಾರುವ ಉಂಡೆ. ಬಿಡಿಸಿದರೆ ಒಳಪದರ ಸುಟ್ಟಿರಲಿಲ್ಲ. ಕೆಂಪಂಚು.

ಕೆಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರವ್ವಾ ಇಂಥಾ ಕೆಲ್ಸ ಮಾಡಿದ್ದು? ನೀನೇನಾ? ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇದೇಯ!"

ಎಲ್ಲರ ಕಣ್ಣು ನನ್ನ ಮೇಲೆ. ಮಾವ ಬಟ್ಟೆ ನೋಡಿದರು. ಆಮೇಲೆ ಕಾಫಿಗಿಡ ನೋಡಿದರು. ಕಿವಿ ಕೆಂಪಾಗಿತ್ತು. ನುಂಗಿದ್ದೆಲ್ಲ ನನ್ನ ಗಂಟಲಿಗೆ ಬಂತು. ಒಂದು ಮಾತು ಸಾಕಿತ್ತು. ಆದರೆ ಅಷ್ಟು ಗತ್ತಿನ ಮನುಷ್ಯ ಹಾಗೆ ಸಣ್ಣಗಾಗಿ ನಿಂತದ್ದನ್ನು ನಾನು ಕಂಡಿರಲೇ ಇಲ್ಲ.

"ಇಲಿ ಇರ್ಬೇಕು," ಎಂದೆ.

"ಇಲಿ ಪಂಚೆ ಹರ್ದು, ಎಣ್ಣೆಲಿ ಅದ್ದಿ, ಸುತ್ತಿ ಇಟ್ಟದೆನಾ?" ಎಂದ ಅತ್ತೆ, ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದರು.

ಮಾವ ಗಂಟಲು ಸರಿಮಾಡಿಕೊಂಡರು. "ಇಲಿ ಅಲ್ಲ ಕೆಂಪಣ್ಣ. ನಾನೇ. ಕೋವಿಗೆ ಇಡುವಾಗ ಇದರ ಬಾಯಿಗೂ ಇಟ್ಟೆ. ಕಣಜ ಹೋಗದಿರ್ಲಿ ಅಂತ ಕೋಲಲ್ಲಿ ಒಳಗೆ ನೂಕಿದೆ. ಮರ್ತುಹೋತ್. ಈ ಗೂಡೆದ್ ಎಂತ ತಪ್ಪಿಲ್ಲೆ." ಗೂಡೆ ಎಂದರೆ ಹುಡುಗಿ — ನಾನು!

"ಹೋಗ್ಲಿ ಬುಡಿ ಗೌಡ್ರೇ. ಸರಿಹೋಯ್ತಲ್ಲ? ಒಂದಿಷ್ಟು ಜಾಸ್ತಿನೇ ಕೊಡ್ತೀನಿ."

"ಕೊಡಿಕೆ ಇಲ್ಲೆ. ಅವಳಿಗೆ ಪರೀಕ್ಷೆ ಉಟ್ಟು." ನನಗೆ ಪರೀಕ್ಷೆ ಇದೆ ಎಂದವರು ಮಾವ!

ಮತ್ತೆ ಜೀಪಿನಡಿಗೆ ನುಗ್ಗಿದೆ. ನಟ್ಟು ಹುಡುಕುವ ನೆವ. ಅಳು ಬಂದಿತ್ತು, ಕೈಯಲ್ಲೇ ಒರೆಸಿಕೊಂಡೆ. ಮುಖವೆಲ್ಲ ಮಸಿ ಎಂದು ಸಂಜೆವರೆಗೆ ಒಬ್ಬರೂ ಹೇಳಲಿಲ್ಲ, ಯಜಮಾನರೂ ಸೇರಿ.

೮ ಸೆಪ್ಟೆಂಬರ್

ಕೋಯಾ ಬಂದು ನೋಡಿದ. ವಾಲ್ವ್ ಉಳಿದಿದೆಯಂತೆ. ಇನ್ನೂ ಸ್ವಲ್ಪ ದಿನ ಹಾಗೇ ಓಡಿಸಿದ್ದರೆ ಕೈಕೊಡುತ್ತಿತ್ತಂತೆ. ಸೈಲೆನ್ಸರ್ ಬಡಿದು ಮಸಿ ಉದುರಿಸಿ ಜೋಡಿಸಿದ. ಗೇಟಿನ ಏರನ್ನು ಸೆಕೆಂಡ್ ಗೇರಿನಲ್ಲೇ ಹತ್ತಿಸಿದೆ! ಮೇಲೆ ನಿಲ್ಲಿಸಿ ಸುಮ್ಮನೆ ಹಾರ್ನ್ ಹೊಡೆದೆ.

ರಾತ್ರಿ ಊಟಕ್ಕೆ ಕೂತಾಗ ಮಾವ ನನ್ನ ಮೀನು ಸಾರು ಚೆನ್ನಾಗಿದೆ ಎಂದರು. ಸಾರು ಮಾಡಿದ್ದು ಅತ್ತೆ.

೧೫ ಸೆಪ್ಟೆಂಬರ್, ಬೆಳಿಗ್ಗೆ

ಸೀರೆ ಉಟ್ಟಾಯಿತು. ಫೇಲಾದರೆ ಊರಿಗೆ ಒಂದು ವರ್ಷ ನಗಲಿಕ್ಕೆ ಆಯಿತು. ಅದಕ್ಕಿಂತ ಹೆಚ್ಚಿನದು, ಮಾವ ನನಗಾಗಿ ಕೆಂಪಣ್ಣನೆದುರು ತಲೆ ತಗ್ಗಿಸಿದ್ದಾರೆ.

ಪಕ್ಕದ ಸೀಟು ಯಜಮಾನರದು ಎಂದಾಗಿತ್ತು. ಕಿಟಕಿಯಿಂದ ನೋಡುತ್ತೇನೆ — ಅವರನ್ನು ಹಿಂದಕ್ಕೆ ಅಟ್ಟಿ ಮಾವ ಮುಂದೆ ಕೂತಿದ್ದಾರೆ! ಕರೀ ಕೋಟು, ಪೇಟ, ಕೈಯಲ್ಲಿ ಕೊಡೆ. ಈಗ ಮತ್ತೆ ಇಳಿದರು. ಹಿಂದೆ ಹೋಗಿ ಬಗ್ಗಿ, ಹೊಗೆಕೊಳವೆಗೆ ಬೆರಳು ಹಾಕಿ ನೋಡುತ್ತಿದ್ದಾರೆ. ಬೆರಳನ್ನು ಯಜಮಾನರ ಅಂಗಿಗೆ ಒರೆಸಿ ಮತ್ತೆ ಹತ್ತಿ ಕೂತರು.

ಹಾರ್ನ್. ಇನ್ನೊಂದು ಸಲ ಹಾರ್ನ್. ಕೂಗುತ್ತಿದ್ದಾರೆ —

"ಹೊತ್ತಾತ್! ನಮ್ಮ ಡ್ರೈವರ್ ಎಲ್ಲಿ?"

ಡ್ರೈವರ್! ಮಾವನ ಬಾಯಲ್ಲಿ! ಬಂದೆ, ಮಾವ, ಬಂ