ಆರನೇ ತಾರೀಖಿನ ಪಟ್ಟಿ

ಅಕ್ಟೋಬರ್ 6, ಸೋಮವಾರ
ರಕ್ತನಿಧಿಯ ದಾನಿಗಳ ಪಟ್ಟಿ ಬರಲು ಇವತ್ತೂ ನಾಲ್ಕು ನಿಮಿಷ. ಎಂದಿನಂತೆ ಅರ್ಹ ದಾನಿಗಳನ್ನು ಹುಡುಕುವ ನನ್ನ ಕ್ವೆರಿಯನ್ನು ಕಂಪ್ಯೂಟರಿನಲ್ಲಿ ಓಡಲು ಬಿಟ್ಟು ಚಹಾ ತರಲು ಹೋದೆ. ಬರುವಷ್ಟರಲ್ಲಿ ಹೊಸ ಹುಡುಗಿ ರೆಫ್ನಿತಾ ಅದೇ ಕ್ವೆರಿಯ ಫಲಿತಾಂಶವನ್ನು ಓಆರ್‌ಎಂ ಎಂಬ ಕೋಡ್ ಸಾಧನದ ಮೂಲಕ ಡೇಟಾಬೇಸಿನಲ್ಲಿ ಹೊಸ ಟೇಬಲ್ ಮಾಡಿ, ಸಿದ್ಧ ಕೋಷ್ಟಕವಾಗಿ ಇಟ್ಟಿದ್ದಳು. ಐದು ಸಾಲು ಕೋಡ್. ಈಗ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.
"ಏಳು ವರ್ಷದಿಂದ ಇದು ನಿಮಗ್ಯಾಕೆ ಹೊಳೀಲಿಲ್ಲ, ಯುಲ್ಮೈನಿ?" — ಡೆಸ್ರಿಝಾಲ್ ಸಾಹೇಬರು. ಎಲ್ಲರೆದುರು. ಅವಳಿಗೆ ಮೊಟ್ಟೆಯ ಹಳದಿ ಕದಡಿದ ನಮ್ಮೂರ ವಿಶೇಷ ಚಹಾ ತರಿಸಿದರು. ನನ್ನದು ಆರಿಹೋಗಿತ್ತು.

ಅ. 7
ಅವಳ ನಗು ಕೂಡ ಸಹಿಸಲಾಗುತ್ತಿಲ್ಲ. "ಅಕ್ಕಾ, ಕ್ವೆರಿ ನಿಮ್ದೇ ಅಲ್ವಾ? ನಾನು ಬರೀ ಡಬ್ಬಿಗೆ ತುಂಬಿದೆ, ಅಷ್ಟೇ" ಎಂದಳು. ಕೇಳಿಸದವಳಂತೆ ಕೀಬೋರ್ಡ್ ಕುಟ್ಟಿದೆ.

ಅ. 9, ಬೆಳಿಗ್ಗೆ 10
ಗುಟ್ಟಾಗಿ ಅವಳ ಟೇಬಲ್ ತೆಗೆದು ನೋಡಿದೆ. ಸಿಕ್ಕಿತು. ಅದರಲ್ಲಿರುವುದು ಆರನೇ ತಾರೀಖಿನ ಫಲಿತಾಂಶ ಮಾತ್ರ. ಆಮೇಲೆ ಸೇರಿದ ದಾನಿಗಳಿಲ್ಲ. ನಿನ್ನೆ ರಕ್ತ ಕೊಟ್ಟವರೂ ಇನ್ನೂ ಅರ್ಹರೆಂದೇ ಇದೆ. ಆಗಾಗ ಹೊಸದಾಗಿ ತುಂಬಿಸಬೇಕಿತ್ತು — ಮರೆತಿದ್ದಾಳೆ.
ಹೇಳಲಿಲ್ಲ. ತಾನಾಗಿ ಮುಗ್ಗರಿಸಲಿ... ಮಧ್ಯಾಹ್ನ ರೆಂದಾಂಗ್ ಮಾಂಸ ಎರಡು ತುಂಡು ಹೆಚ್ಚೇ ತಿಂದೆ.

ಅ. 15
ಬೆಳಿಗ್ಗೆ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನ್. ಹೆರಿಗೆ, ನಿಲ್ಲದ ರಕ್ತಸ್ರಾವ, ಎಬಿ ನೆಗೆಟಿವ್. ಪಡಾಂಗ್‌ನಲ್ಲಿ ಯಾವ ನೆಗೆಟಿವ್ ರಕ್ತವೂ ದಾಸ್ತಾನಿಲ್ಲ.
ರೆಫ್ನಿತಾಳ ಪಟ್ಟಿಯಲ್ಲಿ ಒಂದೇ ಹೆಸರು. ಫೋನ್ ಮಾಡಿದರೆ ಆತ ಎಂಟನೇ ತಾರೀಖಷ್ಟೇ ರಕ್ತ ಕೊಟ್ಟಿದ್ದಾನೆ; ಎರಡು ತಿಂಗಳು ಮತ್ತೆ ಕೊಡುವಂತಿಲ್ಲ.
"ಬೇರೆ ಯಾರೂ ಇಲ್ಲ ಸಾರ್" ಎಂದಳು. ಮುಖ ಬಿಳಿಚಿಕೊಂಡಿತ್ತು.
ಇದೇ ಗಳಿಗೆಗೆ ಕಾದಿದ್ದೆ. ಖುಷಿಯಾಗಲಿಲ್ಲ. ಹಳೆಯ ಕ್ವೆರಿ ಓಡಿಸಿದೆ. ನಾಲ್ಕು ನಿಮಿಷ. ಬಂತು — ಹದಿಮೂರರಂದು ಹೆಸರು ಬರೆಸಿದ ಮೀನುಗಾರ, ಝುಲ್ಹೆಂದ್ರಿ. ಒದ್ದೆ ಬಟ್ಟೆಯಲ್ಲೇ ಬೈಕ್ ಹತ್ತಿ ಬಂದ. ತಾಯಿ ಉಳಿದಳು.
"ಅನುಭವ ಅಂದ್ರೆ ಇದು ನೋಡಿ" ಎಂದರು ಸಾಹೇಬರು. ಏಳು ವರ್ಷ ಹಂಬಲಿಸಿದ ಮಾತು. ತಲೆ ತಗ್ಗಿಸಿ ಕಂಪ್ಯೂಟರ್ ಆರಿಸಿದೆ.

ಅ. 16, ಸಂಜೆ
ಗಂಟೆಗೊಮ್ಮೆ ಟೇಬಲ್ ಹೊಸದಾಗುವಂತೆ ರೆಫ್ನಿತಾ ಸರಿಮಾಡಿದಳು. ಆಮೇಲೆ ಎಲ್ಲರೆದುರು ಎದ್ದು ನಿಂತಳು. "ತಪ್ಪು ನಂದು. ಅಕ್ಕ ಇಲ್ದಿದ್ರೆ ಆ ತಾಯಿ ಉಳೀತಿರ್ಲಿಲ್ಲ."
ಧ್ವನಿ ನಡುಗಲಿಲ್ಲ. ತಪ್ಪೊಪ್ಪಿಕೊಳ್ಳುವುದರಲ್ಲೂ ನನಗಿಂತ ಮುಂದೆ. ಅದಕ್ಕೂ ಹೊಟ್ಟೆ ಉರಿಯಿತು.
ಹೊರಡುವಾಗ ಕೇಳಿದಳು, "ಟೇಬಲ್ ಹಳೇದು ಅಂತ ನಿಮಗೆ ಹೇಗೆ ಗೊತ್ತಾಯ್ತು ಅಕ್ಕಾ?"
"ಹಾಗೇ... ಒಂದು ಅಂದಾಜು" ಎಂದೆ.
ನಂಬಿದಳು. ಕೈ ಹಿಡಿದುಕೊಂಡಳು.
ನಾಳೆ ಹೇಳಬೇಕು. ಒಂಬತ್ತನೇ ತಾರೀಖೇ ನಾನು—