ಶನಿವಾರದ ಗಡ್ಡ

ಕ್ಷೌರದಂಗಡಿಯ ಅಣ್ಣನವರಿಗೆ,

ನಿಮ್ಮ ಶನಿವಾರದ ಗಿರಾಕಿ ಮಾಡುವ ನಮಸ್ಕಾರ.

ಕಳೆದ ವಾರ ನೀವು ನನ್ನ ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟು, "ಬೇರೆ ಕಡೆ ಮಾಡಿಸ್ಕೊಳಪ್ಪಾ, ನಂಗೆ ಪುರುಸೊತ್ತಿಲ್ಲ" ಅಂದಿರಿ. ಅಂಗಡಿಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ಸಿಟ್ಟು ನೆತ್ತಿಗೇರಿ, ನೊರೆ ಒರೆಸಿಕೊಂಡು ಎದ್ದೆ. ಬಾಗಿಲಲ್ಲಿ ತಿರುಗಿ ನೋಡಿದಾಗ ನಿಮ್ಮ ಕೈಯ ಲೋಟದಿಂದ ಚಹಾ ತುಳುಕುತ್ತಿತ್ತು. ಕೈ ನಡುಗುತ್ತಿತ್ತು. ಪುರುಸೊತ್ತಿನ ಮಾತು ಯಾಕೆ ಬಂತೆಂದು ಆಗ ಗೊತ್ತಾಯಿತು.

ಹುಟ್ಟಿದಾಗಿನಿಂದ ನನ್ನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಅದನ್ನು ಕೇಳಿದ ಕೂಡಲೇ ಉಳಿದ ಅಂಗಡಿಯವರೆಲ್ಲ ಕೈಮುಗಿದು ಕಳಿಸಿದ್ದರು. "ಕೂತ್ಕೋ, ನೋಡೋಣ" ಅಂದವರು ನೀವೊಬ್ಬರೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ. ಕೇಳಿ ನನ್ನ ಡಾಕ್ಟರೂ ಮೂಗಿನ ಮೇಲೆ ಬೆರಳಿಟ್ಟರು.

ಬೀದಿಗೆಲ್ಲ ನೀವು ಬಾಯಿಬಡುಕರು. ನಾನು ಕುರ್ಚಿಗೆ ಬಂದರೆ ಮಾತ್ರ ರೇಡಿಯೊ ಆರಿಸಿ, ಅರ್ಧ ಹೇಳಿದ ಕಥೆಯನ್ನೂ ನುಂಗಿಕೊಂಡು, ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದಿರಿ. ನಿಮ್ಮ ಭಾವನ ಮದುವೆಗೆ ಕತ್ತೆ ನುಗ್ಗಿದ ಮೇಲೆ ಏನಾಯಿತೆಂದು ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ.

ಗಡ್ಡ ಬಿಡುತ್ತಿದ್ದೇನೆ. ಹೆಂಡತಿ ತಂದ ಟ್ರಿಮ್ಮರ್ ಡಬ್ಬಿಯಲ್ಲೇ ಇದೆ. ಶನಿವಾರ ಎಂದಿನಂತೆ ಬರುತ್ತೇನೆ. ಬಾಚಣಿಗೆಯೊಂದು ಸಾಕು, ಅದರಿಂದ ಯಾರಿಗೂ ರಕ್ತ ಬರುವುದಿಲ್ಲ. ರೇಡಿಯೊ ಹಾಡುತ್ತಿರಲಿ. ನೀವು ಕತ್ತೆ ನುಗ್ಗಿದಲ್ಲಿಂದ ಶುರು ಮಾಡಿ.

ಇತಿ,
ಇಪ್ಪತ್ತೆರಡು ವರ್ಷ ನಿಮ್ಮ ಕತ್ತಿಗೆ ಕೆನ್ನೆಯೊಡ್ಡಿದವನು