ಕಿರಿಮಗಳು ಎಷ್ಟು ಸಲ ನಡೆದಳು?

ಅಜ್ಜೀ,

ಒಂದೂರಲ್ಲಿ ಬೆಳಿಗ್ಗೆ ಒಂದು ತಲೆ, ಮಧ್ಯಾಹ್ನ ಇನ್ನೊಂದು ತಲೆ ಹೊತ್ತು ಓಡಾಡುವ ಮೊಮ್ಮಗಳೊಬ್ಬಳು ಇದ್ದಳಂತೆ. ಬೆಳಿಗ್ಗೆ ಎಂ.ಎ. ತರಗತಿಯಲ್ಲಿ ಎದ್ದು ನಿಂತು, ‘ಹಳೆಯ ಕಾವ್ಯದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವುದು ದೋಷವಲ್ಲ, ಅದರ ಉಸಿರು’ ಎಂದು ಭಾಷಣ ಬಿಗಿದಳು. ಮೇಷ್ಟ್ರು ತಲೆದೂಗಿದರು. ಮಧ್ಯಾಹ್ನ ಪತ್ರಿಕೆಯ ಕಚೇರಿಯಲ್ಲಿ ಕೆಂಪು ಪೆನ್ನು ಹಿಡಿದಳು. ಅಜ್ಜಿ ಹೇಳಿ ಬರೆಸಿದ ಕಥೆಯಲ್ಲಿ ‘ಕಾಡಿಗೆ ಹೊರಟ ಕಿರಿಮಗಳು ನಡೆದಳು, ನಡೆದಳು, ನಡೆದಳು’ ಎಂದಿದ್ದುದನ್ನು ಒಂದೇ ‘ನಡೆದಳು’ ಮಾಡಿದಳು. ಪಕ್ಕದಲ್ಲಿ ‘ಪುನರುಕ್ತಿ’ ಅಂತ ಷರಾ ಬೇರೆ!

ಕರಡಚ್ಚು ನೋಡಿದ ಅಜ್ಜಿ ಕೇಳಿದಳು: “ಏನೇ ಪಂಡಿತೆ, ಒಂದೇ ಸಲ ನಡೆದ್ರೆ ಸಿಗೋಕೆ ಆ ಕಾಡೇನು ನಮ್ಮ ಅಡುಗೆಮನೆ ಹಿಂದೆ ಇದ್ಯಾ? ಸರಿಮಾಡೋವರೆಗೂ ನನ್ನ ಹೆಸರು ಹಾಕ್ಬೇಡ!”

ಆಮೇಲೆ ಮೂರು ದಿನ ಅಜ್ಜಿ ಮಾತಾಡಿದ್ದು ಬೆಕ್ಕಿನ ಜೊತೆ ಮಾತ್ರ. ಅದೂ ಮೊಮ್ಮಗಳಿಗೆ ಕೇಳಿಸುವ ಹಾಗೆ.

ಹಾಲು ಕಾಯಿಸಿಟ್ಟಿದೆ. ಬೆಕ್ಕಿಗೆ ಎರಡನೇ ಸಲ ಹಾಕಬೇಡ, ಅದು ಪುನರುಕ್ತಿ. ನಿನ್ನ ಕನ್ನಡಕ ಮೊಮ್ಮಗಳ ನಿಘಂಟಿನೊಳಗಿದೆ. ಪುಟದ ಗುರುತಿಗೆ ಇಟ್ಟವಳು ನೀನೇ, ಪಾಪ ಅವಳನ್ನು ಬೈಯಬೇಡ.

ಪುಟ ಇವತ್ತು ಹತ್ತು ಗಂಟೆಗೆ ಅಚ್ಚಿಗೆ ಹೋಗುತ್ತದೆ. ತೆಗೆದ ಎರಡು ‘ನಡೆದಳು’ ವಾಪಸ್ ಹಾಕಬೇಕು ಅಂದಾಗ ಸಂಪಾದಕರು, “ಜಾಗ ಇಲ್ಲಮ್ಮಾ, ಒಂದು ಸಾಲು ಜಾಸ್ತಿ ಆಗುತ್ತೆ” ಅಂದರು. ಮೊಮ್ಮಗಳು ಕೊನೆಯಲ್ಲಿದ್ದ ‘ತಿದ್ದಿದವರು’ ಎಂಬ ಸಾಲನ್ನು ತನ್ನ ಹೆಸರಿನ ಸಮೇತ ಕಿತ್ತು ಜಾಗ ಮಾಡಿದಳು.

ಸರಿಮಾಡಿದ ಪುಟದ ಪ್ರತಿ ಈ ಚೀಟಿಯ ಕೆಳಗಿದೆ. ಕನ್ನಡಕ ಹಾಕಿಕೊಂಡು ಏಳನೇ ಸಾಲು ನೋಡು.

ನಡೆದಳು, ನಡೆದಳು, ನಡೆದಳು. ಕೆಳಗೆ ನಿನ್ನ ಹೆಸರು.